‘ಸಿದ್ಧ’ವೆಂದು ಸಾರುವುದೆಂತು?

ನಾರಾಯಣಪುರದ ಬಸವಸಾಗರದಲ್ಲಿ ಎಡದಂಡೆ ಕಾಲುವೆಯ ಗೇಟನ್ನೆತ್ತಿದೊಡನೆ ಶಹಾಪುರದ ಹೊಲಕ್ಕೆ ನೀರು ಬಂದಂತಾಯಿತೆ? ಗೇಟು ತೆರೆದುದು ಒಂದು, ನೀರು ಮುಟ್ಟಿದುದು ಇನ್ನೊಂದು. ಕಂಪ್ಯೂಟರಿನೊಳಗೂ ಇದೇ ತೊಡಕು ಉಂಟು.

ಲಿನಕ್ಸ್ ಯಂತ್ರದಲ್ಲಿ 1ನೆಯ ಸಂಖ್ಯೆಯ ಪ್ರೋಗ್ರಾಮು ಮೊದಲೆದ್ದು, ಹಿನ್ನೆಲೆಯಲ್ಲಿ ದುಡಿಯುವ ಸೇವೆಗಳನ್ನೆಲ್ಲ ಎಬ್ಬಿಸುತ್ತದೆ. ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ಭಂಡಾರವನ್ನೇ ನೋಡೋಣ. ವಿದ್ಯುತ್ತು ಹಠಾತ್ತನೆ ಹೋಗಿ ಬಂದ ಮೇಲೆ ಅದು ತನ್ನ ದಿನವಹಿಯನ್ನೋದಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಅಷ್ಟರೊಳಗೆ ಅದನ್ನು ನೆಚ್ಚಿದ ಸೇವೆಯೊಂದು ಎದ್ದು ಕೇಳಿದರೆ ಉತ್ತರ ಕಾಣದೆ ಕುಸಿದೀತು.

ಹಳೆಯ ಪದ್ಧತಿಯಲ್ಲಿ ಸೇವೆಯು ಮರಿಪ್ರೋಗ್ರಾಮೊಂದನ್ನು ಹುಟ್ಟಿಸಿ ತಾನು ನಿರ್ಗಮಿಸುತ್ತಿತ್ತು. ತಾಯಿ ಹೊರಟುದೇ ಮರಿ ಸಿದ್ಧವಾದುದರ ಗುರುತು. ಆದರೆ ಎಷ್ಟೋ ತಾಯಂದಿರು ಅವಸರದವರು! ಕೆಲವು ಸೆಕೆಂಡು ಸುಮ್ಮನೆ ಕಾಯಿಸುವ ಉಪಾಯವಂತೂ ಬರಿಯ ಊಹೆಯೆಂದೇ ನಾವು ಬಗೆಯುತ್ತೇವೆ.

2010ರಲ್ಲಿ ಬಂದ ಸಿಸ್ಟಮ್‌ಡಿ ಬೇರೆ ದಾರಿಯನ್ನು ತೋರಿತು. ಎಬ್ಬಿಸುವಾಗಲೇ ಅದು ಸೇವೆಗೆ ಒಂದು ಸಾಕೆಟ್ಟಿನ, ಎಂದರೆ ಓಲೆ ಹಾಕುವ ಕಂಡಿಯ, ವಿಳಾಸವನ್ನು ಕೊಡುತ್ತದೆ. ನಿಜವಾಗಿ ಅಣಿಯಾದ ಸೇವೆಯು ಅಲ್ಲಿಗೆ ‘ರೆಡಿ=1’ ಎಂಬ ಓಲೆಯನ್ನು ಕಳುಹುತ್ತದೆ. ಆ ಬಳಿಕವೇ ಅದರ ಹಿಂದೆ ಬರಬೇಕಾದವುಗಳ ಸರದಿ. 2016ರ 9.6ನೆಯ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಕೂಡ ಈ ಓಲೆಯನ್ನು ಕಳುಹಬಲ್ಲುದು. ಬೇರೆ ಅಪ್ಪಣೆಯಿಲ್ಲದಿದ್ದರೆ ಸಿಸ್ಟಮ್‌ಡಿ 90 ಸೆಕೆಂಡು ಮಾತ್ರ ಕಾದು, ಓಲೆ ಬಾರದ ಸೇವೆಯನ್ನು ವಿಫಲವೆಂದು ನಿಲ್ಲಿಸಿಬಿಡುತ್ತದೆ. ದೊಡ್ಡ ಭಂಡಾರದ ಲೆಕ್ಕ ಸರಿಹೋಗಲು ಇಷ್ಟು ಸಾಲದಿರಬಹುದು. ಅಂಥಲ್ಲಿ ಗಡುವನ್ನು ಮೊದಲೇ ಹೆಚ್ಚಿಸಿಡಬೇಕು.