ಎರಡು ಆಫರ್ ಲೆಟರ್

ಬೆಟಗೇರಿ

ಚಿ. ಮಗಳಿಗೆ,

ನೀನು ಕಳಿಸಿದ ಎರಡೂ ಆಫರ್ ಲೆಟರ್‌ಗಳನ್ನು ಕೂತು ಓದಿದೆ. ಶಿರಹಟ್ಟಿಯಿಂದ ಲಕ್ಷ್ಮೇಶ್ವರದ ಅಗಡಿ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಓದಿದ ಹುಡುಗಿಯ ಕೈಯಲ್ಲಿ ಇವತ್ತು ಎರಡೆರಡು ನೌಕರಿ! ನಮ್ಮ ಮನೆಯಲ್ಲಿ ಇದು ಹಬ್ಬವೇ.

ನಿಮ್ಮಪ್ಪ ಬೆಂಗಳೂರು ಅಂತಾನೆ. ಮುಂಡರಗಿಯ ನಿನ್ನ ಸೋದರಮಾವನದೂ ಅದೇ ಮಾತು. ದೊಡ್ಡ ಕಂಪನಿ, ಹೆಸರು ಹೇಳಿದರೆ ಬೀಗರು ಬಿಜ್ಜರಿಗೆಲ್ಲ ಗೊತ್ತು. ಹುಬ್ಬಳ್ಳಿಯದು ಇಪ್ಪತ್ತು ಜನರ ಕಂಪನಿ, ಯಾರಿಗೂ ಗೊತ್ತಿಲ್ಲ. ಆದರೂ ನನ್ನ ಮನಸ್ಸು ಹುಬ್ಬಳ್ಳಿಯ ಕಡೆ ಇದೆ.

ಮೊದಲು ರೊಕ್ಕದ ಮಾತು ಮುಗಿಸೋಣ. ಬೆಂಗಳೂರಿನವರು ವರ್ಷಕ್ಕೆ 4,20,000 ಎಂದು ಬರೆದಿದ್ದಾರೆ. ತಿಂಗಳಿಗೆ 35,000 ಬಂತು ಅಂತ ನಿಮ್ಮಪ್ಪ ಲೆಕ್ಕ ಹಾಕಿದ್ದಾನೆ. ಕೊನೆಯ ಪುಟದ ಕೋಷ್ಟಕ ನೋಡು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆಯ ಕಂತು, ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ವೇರಿಯಬಲ್ ಪೇ, ಎಲ್ಲವೂ ಅದೇ ಮೊತ್ತದ ಹೊಟ್ಟೆಯೊಳಗಿವೆ. ಗ್ರಾಚ್ಯುಟಿ ಸಿಗಬೇಕೆಂದರೆ ಸಾಮಾನ್ಯವಾಗಿ ಐದು ವರ್ಷ ದುಡಿಯಬೇಕು. ನಿನ್ನ ಪಾಲಿನ ಪಿಎಫ್ ಮುರಿದು, ಪಿಜಿ ಬಾಡಿಗೆ ಕೊಟ್ಟ ಮೇಲೆ ಉಳಿಯುವುದೆಷ್ಟು ನೋಡು. ಹುಬ್ಬಳ್ಳಿಯ 3,60,000ದಲ್ಲಿ ವೇರಿಯಬಲ್ ಇಲ್ಲ. ನಮ್ಮ ಮನೆಯಲ್ಲೇ ಇದ್ದು ಗದಗದಿಂದ ರೈಲಿಗೆ ತಿಂಗಳ ಪಾಸ್ ಮಾಡಿಸಿದರೆ ಊಟ, ವಸತಿಯ ಚಿಂತೆಯೂ ಇಲ್ಲ.

ಇನ್ನು ಬಾಂಡ್. ಬೆಂಗಳೂರಿನ ಪತ್ರದಲ್ಲಿ ಎರಡು ವರ್ಷ ಕೆಲಸ ಬಿಡಬಾರದೆಂಬ ಬಾಂಡ್ ಇದೆ. ‘ಅದೆಲ್ಲ ಕೋರ್ಟಿನಲ್ಲಿ ನಿಲ್ಲೋದಿಲ್ಲ’ ಎಂದು ನಿನ್ನ ಗೆಳತಿಯರು ಹೇಳಿದರೆ ನಂಬಬೇಡ. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಸಹಿ ಮಾಡಿದೆಯೆಂದರೆ ನಡೆಸಿಕೊಡಬೇಕಾದೀತು ಅಂತಲೇ ತಿಳಿದುಕೋ.

ಆದರೆ ಮಗಳೇ, ನನ್ನನ್ನು ಹುಬ್ಬಳ್ಳಿಯ ಕಡೆ ಎಳೆದದ್ದು ರೊಕ್ಕವೂ ಅಲ್ಲ, ಬಾಂಡೂ ಅಲ್ಲ. ಸಂದರ್ಶನದ ದಿನ ಅಲ್ಲಿಯ ಹಿರಿಯ ಎಂಜಿನಿಯರ್ ನಿನ್ನ ಕಾಲೇಜು ಪ್ರಾಜೆಕ್ಟಿನ ಕೋಡ್ ತೆರೆದು, ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂತು, ಈ ಸಾಲು ಏಕೆ ಬರೆದೆ, ಇಲ್ಲಿ ತಪ್ಪು ಬಂದರೆ ಏನಾಗುತ್ತದೆ ಎಂದು ಕೇಳಿದರು ಅಂದೆಯಲ್ಲ, ಆ ಮಾತು. ನಿನ್ನ ಕೆಲಸ ಓದುವವರು ಅಲ್ಲಿದ್ದಾರೆ. ಬೆಂಗಳೂರಿನಲ್ಲಿ ಟ್ರೇನಿಂಗ್ ಆದ ಮೇಲೆ ಯಾವ ಪ್ರಾಜೆಕ್ಟಿಗೆ ಹಾಕುತ್ತಾರೋ, ಎಷ್ಟು ತಿಂಗಳು ಕೆಲಸ ಕೊಡದೆ ಬೆಂಚಿನ ಮೇಲೆ ಕೂರಿಸುತ್ತಾರೋ, ಪತ್ರದಲ್ಲಿ ಒಂದಕ್ಷರವಿಲ್ಲ.

ಮೊದಲ ನೌಕರಿಯಲ್ಲಿ ಸಂಬಳಕ್ಕಿಂತ ಕಲಿಕೆ ದೊಡ್ಡದು ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನಾರಾಯಣಮೂರ್ತಿಯವರ ಇನ್ಫೋಸಿಸ್ ನಿಮಗೆಲ್ಲ ಗೊತ್ತು. 1969ರಲ್ಲಿ ಕಾನ್ಪುರ ಐಐಟಿಯಿಂದ ಹೊರಬಂದಾಗ ಅವರು ಹೆಚ್ಚು ಸಂಬಳದ ನೌಕರಿ ಬಿಟ್ಟು ಅಹಮದಾಬಾದಿನ ಐಐಎಂ ಸೇರಿದ್ದರು. ಹಲವರು ಏಕಕಾಲಕ್ಕೆ ಬಳಸುವ ಟೈಮ್ ಶೇರಿಂಗ್ ಕಂಪ್ಯೂಟರ್ ಅಲ್ಲಿತ್ತು, ಅದರ ಒಳಗೆ ಕೈ ಹಾಕುವ ಕೆಲಸ ಸಿಗುತ್ತಿತ್ತು. ಕಂಪನಿ ಕಟ್ಟಿದ್ದು 1981ರಲ್ಲಿ. ನಡುವಿನ ಆ ವರ್ಷಗಳ ಕಲಿಕೆಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದು ನನಗೆ ಬೇಸರ.

ಹಾಗಂತ ಕಣ್ಣು ಮುಚ್ಚಿ ಹುಬ್ಬಳ್ಳಿಗೆ ಹೂಂ ಅನ್ನಬೇಡ. ಕಳೆದ ವರ್ಷ ಪಗಾರ ಯಾವ ತಿಂಗಳಾದರೂ ತಡವಾಯಿತೇ ಎಂದು ಅಲ್ಲಿ ದುಡಿಯುವವರನ್ನೇ ಕೇಳು. ಕೆಲಸಕ್ಕೆ ಸೇರುವ ತಾರೀಖನ್ನು ಎರಡೂ ಕಡೆಯಿಂದ ಬರಹದಲ್ಲಿ ತರಿಸಿಕೋ. 2022ರಲ್ಲಿ ದೊಡ್ಡ ಕಂಪನಿಯ ಆಫರ್ ಹಿಡಿದ ಎಷ್ಟೋ ಮಕ್ಕಳು ಎರಡು ವರ್ಷ ಮನೆಯಲ್ಲಿ ಕಾದರು. ನಿನ್ನ ಶಿಕ್ಷಣ ಸಾಲದ ಕಂತು ಯಾವ ತಿಂಗಳು ಶುರುವಾಗುತ್ತದೆಂದು ಬ್ಯಾಂಕಿನಲ್ಲಿ ವಿಚಾರಿಸು. ಪಗಾರದ ವಿಷಯದಲ್ಲಿ ಹುಬ್ಬಳ್ಳಿಯವರು ನುಣುಚಿಕೊಂಡರೆ ಬೆಂಗಳೂರಿಗೆ ಹೋಗು, ನಾನೇ ಬಂದು ರೈಲು ಹತ್ತಿಸುತ್ತೇನೆ.

ಭಾನುವಾರ ಬಂದುಬಿಡು. ಕೇಳಬೇಕಾದ ಪ್ರಶ್ನೆಗಳನ್ನು ಇಬ್ಬರೂ ಕೂತು ಬರೆದು, ಅಂದೇ ಎರಡೂ ಕಂಪನಿಗೆ ಮೇಲ್ ಕಳಿಸೋಣ. ನಿಮ್ಮಪ್ಪನ ಜೊತೆ ನಾನು ಮಾತಾಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ