ಬೆನ್ನೆಲುಬಿನ ಹೊರಳುತಲೆ ಸ್ಕ್ರೂ

ಮೊನ್ನೆ ಒಂದು ಸಂಜೆ ನಮ್ಮ ವಾಚನಾಲಯಕ್ಕೆ ಕಲಬುರಗಿ ಕಡೆಯ ತರುಣನೊಬ್ಬನು ಬಂದನು. ಆತನ ತಂದೆ ಹಮಾಲಿ ಕೆಲಸದವರು. ಲಾರಿಯ ಮೇಲಿಂದ ಬಿದ್ದು ಬೆನ್ನೆಲುಬು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ವೈದ್ಯರು ಕೊಟ್ಟ ಚೀಟಿಯಲ್ಲಿ ‘ಪೆಡಿಕಲ್ ಸ್ಕ್ರೂ ೪, ರಾಡ್ ೨’ ಎಂದಿತ್ತು. “ನಮ್ಮಪ್ಪನ ಬೆನ್ನು ಏನು ಬಾಗಲಾ ಐತೇನ್ರಿ, ಸ್ಕ್ರೂ ಬಡಿಯಾಕ? ಸಹಿ ಮಾಡಂತಾರ, ಕೈ ಬರವಲ್ದು” ಎಂದನು. ಬೆನ್ನಿಗೆ ಕಬ್ಬಿಣ ಹಾಕಿಸಿಕೊಂಡವರು ಮತ್ತೆ ಏಳುವುದಿಲ್ಲವೆಂದು ನೆರೆಯವರು ಆತನಿಗೆ ಹೇಳಿದ್ದರಂತೆ.

ನಾನು ವೈದ್ಯನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೆ ಸ್ಕ್ರೂ, ಪಾನಾ, ಶಾಫ್ಟುಗಳ ನಡುವೆ ದಿನ ಕಳೆಯುವವನಾದ್ದರಿಂದ ಈ ವಸ್ತುವಿನ ರಚನೆಯನ್ನು ಓದಿ ತಿಳಿದುಕೊಂಡೆನು. ಓದುಗ ಬಂಧುಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ನಮ್ಮ ಕುತ್ತಿಗೆಯಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫, ಹೀಗೆ ೨೪ ಬಿಡಿ ಎಲುಬುಗಳು ಒಂದರ ಮೇಲೊಂದು ಕುಳಿತಿವೆ. ಪ್ರತಿಯೊಂದು ಎಲುಬಿಗೂ ಮುಂಭಾಗದಲ್ಲಿ ಭಾರ ಹೊರುವ ದಪ್ಪ ದಿಮ್ಮಿ, ಹಿಂಭಾಗದಲ್ಲಿ ಒಂದು ಕಮಾನು. ಇವೆರಡರ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿದಿರುತ್ತದೆ. ದಿಮ್ಮಿಯನ್ನೂ ಕಮಾನನ್ನೂ ಎಡಬಲದಲ್ಲಿ ಕೂಡಿಸುವ ಎರಡು ಗಿಡ್ಡ ತೊಟ್ಟುಗಳಿಗೆ ಪೆಡಿಕಲ್ ಎಂದು ಹೆಸರು. ಎಲುಬಿನಲ್ಲಿ ಬಹಳ ಗಟ್ಟಿಯಾದ ಭಾಗ ಇದೇ. ಸ್ಕ್ರೂ ಹಿಂದಿನಿಂದ ಈ ತೊಟ್ಟಿನ ಒಳಗೆ ಹಾಯ್ದು ದಿಮ್ಮಿಯವರೆಗೆ ಹೋಗುತ್ತದೆ. ಸೊಂಟದಲ್ಲಿ ಸಾಮಾನ್ಯವಾಗಿ ೬ ಅಥವಾ ೭ ಮಿಲಿಮೀಟರ್ ದಪ್ಪ, ೪೦ರಿಂದ ೫೦ ಮಿಲಿಮೀಟರ್ ಉದ್ದದ್ದು ಬೇಕಾಗುತ್ತದೆ. ಎದೆಯ ನಡುಭಾಗದಲ್ಲಿ ತೊಟ್ಟೇ ೪-೫ ಮಿಲಿಮೀಟರ್ ಅಗಲವಿರುವುದುಂಟು. ಒಂದು ಬದಿಗೆ ಬೆನ್ನುಹುರಿ, ಕೆಳಗೆ ನರ. ದಾರಿ ತಪ್ಪಲು ಅವಕಾಶವೇ ಕಡಿಮೆ.

ಮುರಿದ ಎಲುಬಿನ ಮೇಲಿನದಕ್ಕೆ ಎರಡು, ಕೆಳಗಿನದಕ್ಕೆ ಎರಡು ಸ್ಕ್ರೂ ಹಾಕಿ, ಎಡಕ್ಕೊಂದು ಬಲಕ್ಕೊಂದು ಸಲಾಕೆಯಿಂದ ಅವುಗಳನ್ನು ಜೋಡಿಸಿದರೆ ನಡುವಿನ ಮುರಿದ ಎಲುಬು ಅಲುಗಾಡದೆ ಕೂಡಿಕೊಳ್ಳುತ್ತದೆ. ಚೀಟಿಯಲ್ಲಿದ್ದ ನಾಲ್ಕು ಮತ್ತು ಎರಡರ ಲೆಕ್ಕ ಇದು. ಕೆನಡಾದ ಬೌಚರ್ ಎಂಬ ವೈದ್ಯರು ೧೯೫೯ರಲ್ಲಿ ಪೆಡಿಕಲ್ ಮೂಲಕ ಸ್ಕ್ರೂ ಹಾಕುವ ಕ್ರಮವನ್ನು ಪ್ರಕಟಿಸಿದರು. ೧೯೬೩ರಿಂದ ಪ್ಯಾರಿಸ್ಸಿನ ರುವಾ ಕಾಮಿಯ್ ಅವರು ಸ್ಕ್ರೂಗಳನ್ನು ತಗಡುಪಟ್ಟಿಯೊಡನೆ ಬಳಸತೊಡಗಿದರು.

ಆಗ ಎದುರಾದ ತೊಡಕು ಯಾವುದು? ಮನುಷ್ಯನ ಬೆನ್ನು ನೇರ ಗೆರೆಯಲ್ಲ. ತೊಟ್ಟುಗಳು ಒಂದೊಂದು ಎಲುಬಿನಲ್ಲಿ ಒಂದೊಂದು ಓರೆಯಲ್ಲಿರುತ್ತವೆ. ಆದ್ದರಿಂದ ಸ್ಕ್ರೂಗಳ ತಲೆಗಳು ಸಾಲಾಗಿ ಬರುವುದಿಲ್ಲ. ತಲೆ ಬಿಗಿಯಾದ ಸ್ಕ್ರೂ ಆದರೆ ಸಲಾಕೆಯನ್ನೇ ಬಗ್ಗಿಸಿ ಬಗ್ಗಿಸಿ ಕೂಡಿಸಬೇಕು. ಬಲವಂತವಾಗಿ ಒತ್ತಿ ಕೂಡಿಸಿದರೆ ಆ ಎಳೆತವೆಲ್ಲ ಎಲುಬಿನ ಮೇಲೆ ಬಿದ್ದು ಸ್ಕ್ರೂ ಸಡಿಲವಾಗಬಹುದು.

ಗಿರಣಿಯವರಿಗೆ ಈ ತೊಂದರೆ ಹೊಸದಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಬಟ್ಟೆ ಗಿರಣಿಯೊಂದರಲ್ಲಿ ನೆಲ ಕುಸಿದು ಉದ್ದನೆಯ ಶಾಫ್ಟುಗಳು ಓರೆಯಾಗಿ, ಬೇರಿಂಗುಗಳು ಪದೇ ಪದೇ ಕೆಡುತ್ತಿದ್ದವು. ಅಲ್ಲಿನ ಇಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ ೧೯೦೭ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದನು. ಬೇರಿಂಗಿನ ಹೊರಬಳೆಯ ಒಳಮೈಯನ್ನು ಗೋಲದಂತೆ ಮಾಡಿ, ಶಾಫ್ಟು ಓರೆಯಾದಷ್ಟೂ ಒಳಬಳೆ ತಾನೇ ಹೊರಳಿಕೊಳ್ಳುವಂತೆ ಮಾಡಿದನು.

ಹೊರಳುತಲೆ ಸ್ಕ್ರೂವಿನ ತತ್ತ್ವವೂ ಇದರ ಹತ್ತಿರದ್ದೇ. ಸ್ಕ್ರೂವಿನ ತುದಿ ಗೋಲಿಯಂತೆ ದುಂಡಗಿರುತ್ತದೆ. ಅದರ ಮೇಲೆ ಎರಡು ಕಿವಿಗಳುಳ್ಳ ಬಟ್ಟಲು ಕೂತಿರುತ್ತದೆ. ಬಟ್ಟಲನ್ನು ಯಾವ ಕಡೆಗಾದರೂ ಸುಮಾರು ೨೫-೩೦ ಡಿಗ್ರಿ ಓರೆ ಮಾಡಬಹುದು. ವೈದ್ಯರು ಸ್ಕ್ರೂವನ್ನು ಎಲುಬು ಕೇಳಿದ ದಿಕ್ಕಿಗೆ ಹಾಕಿ, ಬಟ್ಟಲನ್ನು ಸಲಾಕೆ ಕೇಳಿದ ದಿಕ್ಕಿಗೆ ಹೊರಳಿಸುತ್ತಾರೆ. ಬಳಿಕ ಕಿವಿಗಳ ನಡುವೆ ಸಲಾಕೆಯನ್ನಿಟ್ಟು ಮೇಲಿನಿಂದ ಬಿಗಿತಿರುಪು ಹಾಕಿದರೆ, ಅದು ಸಲಾಕೆಯನ್ನು ಒತ್ತಿ, ಸಲಾಕೆ ಗೋಲಿಯನ್ನು ಒತ್ತಿ, ಎಲ್ಲವೂ ಒಂದೇ ಗಟ್ಟಿಯಾಗುತ್ತದೆ. ಬೇರಿಂಗು ಸದಾ ಹೊರಳಬೇಕು. ಇದು ಒಮ್ಮೆ ಹೊರಳಿ ಆಮೇಲೆ ನಿಲ್ಲಬೇಕು. ಇಷ್ಟೇ ಭೇದ.

ಬಿಗಿತಕ್ಕೂ ಅಳತೆಯಿದೆ. ಅನೇಕ ಮಾದರಿಗಳಲ್ಲಿ ಅದು ಸುಮಾರು ೧೦-೧೨ ನ್ಯೂಟನ್-ಮೀಟರ್, ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಗೆ ಒಂದು ಕಿಲೋವಿಗೆ ತುಸು ಹೆಚ್ಚು ತೂಕ ನೇತುಬಿಟ್ಟಷ್ಟು ಬಲ. ಕಡಿಮೆಯಾದರೆ ಗೋಲಿ ಜಾರುತ್ತದೆ. ಹೆಚ್ಚಾದರೆ ಬಟ್ಟಲಿನ ಕಿವಿಗಳು ಅಗಲುತ್ತವೆ. ಕಿವಿ ಅಗಲದಂತೆ ಅಲ್ಲಿನ ಮರೆಯ ಹಲ್ಲುಗಳನ್ನು ಚೌಕಾಕಾರವಾಗಿ ಕೊರೆಯುವುದುಂಟು.

ಹೊರಳುವ ಸೌಕರ್ಯ ಪುಕ್ಕಟೆ ಬರುವುದಿಲ್ಲ. ಈ ಜೋಡಣೆಯಲ್ಲಿ ಅತಿ ಭಾರ ಬಿದ್ದಾಗ ಮೊದಲು ಜಾರುವುದು ಗೋಲಿ-ಬಟ್ಟಲಿನ ಸಂದೇ. ಒಮ್ಮೊಮ್ಮೆ ಅದು ಒಳ್ಳೆಯದೇ. ಫ್ಯೂಸ್ ತಂತಿಯಂತೆ ತಾನು ಸೋತು ಸ್ಕ್ರೂ ಮುರಿಯುವುದನ್ನು ತಪ್ಪಿಸುತ್ತದೆ. ಆದರೆ ಮುರಿದ ಎಲುಬನ್ನು ಎತ್ತಿ ಹಿಡಿಯಬೇಕಾದಲ್ಲಿ ಕೆಲವು ವೈದ್ಯರು ಇಂದಿಗೂ ಬಿಗಿತಲೆಯ ಸ್ಕ್ರೂವನ್ನೇ ಆರಿಸುತ್ತಾರೆ.

ಲೋಹದ ವಿಷಯದಲ್ಲಿ ನಮ್ಮ ಹೈದರಾಬಾದಿಗೂ ಪಾಲಿದೆ. ಇಂಥ ಸ್ಕ್ರೂಗಳಿಗೆ ಹೆಚ್ಚಾಗಿ ಬಳಸುವುದು ಟೈಟಾನಿಯಂ ಮಿಶ್ರಲೋಹ. ನೂರರಲ್ಲಿ ಸುಮಾರು ೯೦ ಪಾಲು ಟೈಟಾನಿಯಂ, ೬ ಅಲ್ಯೂಮಿನಿಯಂ, ೪ ವನೇಡಿಯಂ. ಉಕ್ಕಿಗಿಂತ ಹಗುರ, ಬಾಗುವ ಗುಣದಲ್ಲಿ ಉಕ್ಕಿಗಿಂತ ಎಲುಬಿಗೆ ಹತ್ತಿರ, ತುಕ್ಕು ಹಿಡಿಯುವುದಿಲ್ಲ. ೧೯೭೩ರಲ್ಲಿ ಸ್ಥಾಪಿತವಾದ, ಕಂಚನ್‌ಬಾಗಿನಲ್ಲಿರುವ ಮಿಶ್ರ ಧಾತು ನಿಗಮವು ವಿಮಾನ ಮತ್ತು ರಾಕೆಟ್ಟುಗಳಿಗೆ ಮಾತ್ರವಲ್ಲ, ಶರೀರದೊಳಗೆ ಇರಿಸುವ ಸಾಧನಗಳಿಗೂ ಟೈಟಾನಿಯಂ ಒದಗಿಸುತ್ತದೆ. ೧೯೬೪ರಲ್ಲಿ ನಿಜಾಮ್ ಎಲುಬು ಆಸ್ಪತ್ರೆಯಾಗಿ ಆರಂಭವಾಗಿ ಇಂದು ನಿಮ್ಸ್ ಎನಿಸಿರುವ ಪಂಜಗುಟ್ಟದ ಸಂಸ್ಥೆಯ ಎಲುಬು ವೈದ್ಯರೊಬ್ಬರು, ಕ್ಷಿಪಣಿಯ ಹಗುರ ವಸ್ತುವನ್ನು ಅಬ್ದುಲ್ ಕಲಾಂ ಅವರ ಪ್ರಯೋಗಾಲಯದಲ್ಲಿ ಕಂಡರು. ಅದರ ಫಲವಾಗಿ ಮಕ್ಕಳ ಕಾಲಿನ ೩ ಕಿಲೋ ಭಾರದ ಆಧಾರಪಟ್ಟಿ ೩೦೦ ಗ್ರಾಮಿಗೆ ಇಳಿಯಿತು. ಕಾರ್ಖಾನೆಯೂ ಆಸ್ಪತ್ರೆಯೂ ಮಾತಾಡಿಕೊಂಡರೆ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಆದರೂ ಲೋಹ ಶಾಶ್ವತವಲ್ಲ. ಪ್ರಯೋಗಶಾಲೆಯಲ್ಲಿ ಈ ಜೋಡಣೆಯನ್ನು ೫೦ ಲಕ್ಷ ಸಲ ಬಗ್ಗಿಸಿ ಪರೀಕ್ಷಿಸುತ್ತಾರೆ. ಅದಕ್ಕೂ ಮೀರಿ ಬಾಗುತ್ತಲೇ ಇದ್ದರೆ ಯಾವ ಸಲಾಕೆಯೂ ಒಂದು ದಿನ ದಣಿದು ಮುರಿದೀತು. ಸ್ಕ್ರೂ ಕೇವಲ ಸಾರುವೆಯ ಗಳ. ಗೋಡೆ ಕಟ್ಟುವುದು ಎಲುಬೇ. ಬೀಡಿ ಸಿಗರೇಟು ಎಲುಬು ಕೂಡುವುದನ್ನು ತಡೆಯುತ್ತವೆ. ವಯಸ್ಸಾಗಿ ಎಲುಬು ಟೊಳ್ಳಾಗಿದ್ದರೆ ಸ್ಕ್ರೂವಿಗೆ ಹಿಡಿತ ಸಿಗದು. ಅಂಥಲ್ಲಿ ಸ್ಕ್ರೂವಿನ ರಂಧ್ರಗಳ ಮೂಲಕ ಎಲುಬಿನ ಸಿಮೆಂಟು ತುಂಬುವುದುಂಟು.

ಆ ತರುಣನಿಗೆ ನಾನು ‘ಸಹಿ ಮಾಡು’ ಎನ್ನಲಿಲ್ಲ, ‘ಬೇಡ’ ಎನ್ನಲೂ ಇಲ್ಲ. ಚೀಟಿಯ ಹಿಂದೆ ನಾಲ್ಕು ಪ್ರಶ್ನೆ ಬರೆದುಕೊಟ್ಟೆನು: ಶಸ್ತ್ರಕ್ರಿಯೆ ಮಾಡದಿದ್ದರೆ ಏನಾಗುವುದು? ನರಕ್ಕೆ ಪೆಟ್ಟಾಗಿದೆಯೇ? ಎಲುಬಿನ ಗಟ್ಟಿತನ ನೋಡಿದ್ದೀರಾ? ಎಷ್ಟು ದಿನ ಭಾರ ಎತ್ತಬಾರದು? ಮರುದಿನ ಆತನು ಇವನ್ನು ಕೇಳಿ, ಉತ್ತರ ತಿಳಿದುಕೊಂಡು, ಸಹಿ ಮಾಡಿದನೆಂದು ಹೇಳಿ ಕಳುಹಿಸಿದನು.

ಎಲ್ಲ ಬೆನ್ನುನೋವಿಗೂ ಸ್ಕ್ರೂ ಬೇಕಿಲ್ಲವೆಂಬುದನ್ನು ಬಂಧುಗಳು ಮರೆಯಬಾರದು. ಹೆಚ್ಚಿನ ನೋವುಗಳು ಅದಿಲ್ಲದೆಯೇ ಕಡಿಮೆಯಾಗುತ್ತವೆ. ಆದರೆ ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಒಂದು ದಿನವೂ ತಡೆಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಹೆದರಿ ಕೂರುವುದಕ್ಕಿಂತ ಕೇಳಿ ತಿಳಿಯುವುದು ಲೇಸು.