ಕಲ್ಲು ಹಾಸುವವನ ಎಂಟು ಪಾಠ

ಫ್ಯಾಕ್ಟರಿ ಟೈಲ್ಸ್ ಒಂದರಂತೆ ಇನ್ನೊಂದು ಇರುತ್ತದೆ. ಗಣಿಯ ಕಲ್ಲು ಹಾಗಲ್ಲ. ದಪ್ಪ, ಬಣ್ಣ, ನೀರು ಹೀರುವ ಗುಣ ಒಂದೊಂದಕ್ಕೂ ಬೇರೆ. ಟೈಲ್ಸಿನಲ್ಲಿ ಪಳಗಿದ ಕೈ ಕಲ್ಲಿನಲ್ಲಿ ಎಡವುವುದು ಇಲ್ಲೇ.

1. ಕಲ್ಲಿನ ಕುಲ ತಿಳಿಯಿರಿ. ಶಹಾಬಾದ್, ಕಡಪ, ಕೋಟಾ ಮೂರೂ ಸುಣ್ಣಕಲ್ಲು, ಮಾರ್ಬಲ್ಲೂ ಸುಣ್ಣದ್ದೇ. ಇಳಕಲ್ಲಿನ ಕೆಂಪು, ಸಾದಹಳ್ಳಿಯ ಬೂದು ಕಲ್ಲು ಗ್ರಾನೈಟ್. ಅನುಮಾನವಿದ್ದರೆ ಪಾಲಿಶ್ ಆದ ತುಂಡಿನ ಮೇಲೆ ನಿಂಬೆರಸದ ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಹೊಳಪು ಹೋಗಿ ಕಲೆ ಕೂತರೆ ಸುಣ್ಣಕಲ್ಲು. ಅಡುಗೆಮನೆ ಕಟ್ಟೆಗೆ ಅದನ್ನು ಹಾಕಿದರೆ ಹುಣಸೆರಸ ಚೆಲ್ಲಿದಲ್ಲೆಲ್ಲ ಗುರುತು ಉಳಿಯುತ್ತದೆ.

2. ಗಾರೆ ಕಲಸುವ ಮುಂಚೆ ಕಲ್ಲುಗಳನ್ನು ನೆಲದ ಮೇಲೆ ಸುಮ್ಮನೆ ಹರಡಿ ನೋಡಿ. ಬಣ್ಣ ಒಪ್ಪುವಂತೆ, ಗೆರೆ ಕೂಡುವಂತೆ ಜೋಡಿಸಿ, ಹಿಂಬದಿಗೆ ನಂಬರ್ ಬರೆಯಿರಿ. ಮನೆಯವರನ್ನು ಆಗಲೇ ಕರೆದು ತೋರಿಸಿ. ಗಾರೆ ಬಿಗಿದ ಮೇಲೆ ಬರುವ ತಕರಾರಿಗೆ ಮದ್ದಿಲ್ಲ.

3. ಕೆಳಗೆ ಏನು ಹಾಕಬೇಕೆಂದು ಕಲ್ಲಿನ ದಪ್ಪವೇ ಹೇಳುತ್ತದೆ. ಕೈಯಲ್ಲಿ ಸೀಳಿದ ಶಹಾಬಾದ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದಕ್ಕೆ ಅಂಟು ಸಾಲದು, ಮರಳು-ಸಿಮೆಂಟಿನ ಗಾರೆಯೇ ಬೇಕು. ಮಷೀನಿನಲ್ಲಿ ಒಂದೇ ದಪ್ಪಕ್ಕೆ ಕೊಯ್ದ ಕಲ್ಲಿಗೆ, ನೆಲ ಮಟ್ಟವಾಗಿದ್ದರೆ, ಅಂಟು ಸಾಕು.

4. ಮೊದಲ ಕಲ್ಲನ್ನು ಕೂರಿಸಿ, ತಟ್ಟಿ, ಮತ್ತೆ ಎತ್ತಿ ನೋಡಿ. ಹಿಂಬದಿಯ ತುಂಬ ಗಾರೆಯ ಅಚ್ಚು ಇರಬೇಕು. ಮೂಲೆ ಒಣಗಿದಂತೆ ಕಂಡರೆ ಅಲ್ಲಿ ಟೊಳ್ಳು ಇದೆ. ಮುಂದೆ ಮಂಚದ ಕಾಲು ಅದೇ ಮೂಲೆಗೆ ಬಿದ್ದಾಗ ಕಲ್ಲು ಬಿರಿಯುತ್ತದೆ. ಅಂಟಿನ ಕೆಲಸವಾದರೆ ಕಲ್ಲಿನ ಹಿಂಬದಿಗೂ ತೆಳುವಾಗಿ ಅಂಟು ಸವರಿ. ಹರಡಿದ ಅಂಟು ಬೆರಳಿಗೆ ಹತ್ತದಿದ್ದರೆ ಕೆರೆದು ಎಸೆಯಿರಿ. ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಲು ಹೋಗಬೇಡಿ.

5. ಬಿಳಿ ಮಾರ್ಬಲ್ ಕೆಳಗಿನದನ್ನೆಲ್ಲ ಹೀರುತ್ತದೆ. ಬೂದು ಸಿಮೆಂಟಿನ ಛಾಯೆ ಮೇಲೆ ಮೂಡಬಾರದೆಂದರೆ ಬಿಳಿ ಸಿಮೆಂಟ್ ಅಥವಾ ಬಿಳಿ ಅಂಟನ್ನೇ ಬಳಸಿ. ಹಾಸುವವರೆಗೂ ಅದನ್ನು ಒದ್ದೆ ಹುಲ್ಲು, ಬಣ್ಣದ ರಟ್ಟು, ಮೊಳೆಗಳ ಮೇಲೆ ಇಡಬೇಡಿ. ಕಲ್ಲಿನ ಹಿಂಬದಿಗೆ ಫೈಬರ್ ಬಲೆ ಅಂಟಿಸಿದ್ದರೆ ಸಾದಾ ಗಾರೆ ಅದಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ.

6. ಬಚ್ಚಲಿನಲ್ಲಿ ವಾಟವೇ ಮುಖ್ಯ. ಒಂದು ಮೀಟರಿಗೆ ಸುಮಾರು 10 ಮಿ.ಮೀ. ಇಳಿಜಾರು ಕೊಡಿ. ಮರುದಿನ ಒಂದು ಬಕೆಟ್ ನೀರು ಸುರಿದು, ಎಲ್ಲಿ ನಿಲ್ಲುತ್ತದೆ ನೋಡಿ. ಪಾಲಿಶ್ ಗ್ರಾನೈಟ್ ಅಲ್ಲಿಗೆ ಬೇಡವೇ ಬೇಡ. ಸೋಪಿನ ನೀರು ಬಿದ್ದರೆ ಕಾಲು ನಿಲ್ಲುವುದಿಲ್ಲ. ತರಿತರಿ ಮೇಲ್ಮೈಯದನ್ನು ತರಿಸಿ.

7. ಗೋಡೆಗೆ ಹಾಕುವಾಗ ತೂಕದ ಲೆಕ್ಕ ಬೇಕು. 20 ಮಿ.ಮೀ. ಗ್ರಾನೈಟ್ ಚದರ ಅಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ, ಎರಡಡಿ ಚೌಕದ ಒಂದೇ ಕಲ್ಲು 20 ಕೆ.ಜಿ. ಬಣ್ಣ ಬಳಿದ ಗೋಡೆಗೆ ಅಂಟಿಸಿದರೆ ಅದು ನೇತಾಡುವುದು ಬಣ್ಣದ ಪದರಕ್ಕೆ, ಗೋಡೆಗಲ್ಲ. ಬಣ್ಣ ಕೆತ್ತಿ, ಕಚ್ಚು ಹಾಕಿ, ತೂಗುಗುಂಡು ಹಿಡಿದು ಕೆಳಗಿನಿಂದ ಸಾಲು ಶುರು ಮಾಡಿ. ಹೊರಗೋಡೆಯ ಎತ್ತರದ ಕೆಲಸಕ್ಕೆ ಅಂಟಿನ ಜೊತೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪೂ ಬೇಕು. ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ.

8. ಆ್ಯಸಿಡ್ ಬಾಟಲಿ ಒಳಗೆ ಬರದಿರಲಿ. ಕಲ್ಲಿನ ಮೇಲೆ ಬಿದ್ದ ಗಾರೆಯನ್ನು ಹಸಿಯಿದ್ದಾಗಲೇ ಒದ್ದೆ ಸ್ಪಂಜಿನಿಂದ ಒರೆಸಿದರೆ ಆ್ಯಸಿಡ್ ಬೇಕಾಗುವುದೇ ಇಲ್ಲ. ಸುಣ್ಣಕಲ್ಲಿನ ಮೇಲೆ ಅದು ಬುರುಬುರು ನೊರೆಯೆದ್ದು ಪಾಲಿಶನ್ನು ತಿನ್ನುತ್ತದೆ. ಗ್ರಾನೈಟ್ ತಡೆದರೂ ಸಂದಿನ ಸಿಮೆಂಟ್ ಸವೆಯುತ್ತದೆ. ಕಲ್ಲು ಪೂರ್ತಿ ಒಣಗಿದ ಮೇಲೆ ಸೀಲರ್ ಹಚ್ಚಿ. ವರ್ಷಕ್ಕೊಮ್ಮೆ ಮೇಲೆ ನೀರಿನ ಹನಿ ಹಾಕಿ ನೋಡಲು ಮನೆಯವರಿಗೆ ಹೇಳಿ: ಹನಿ ಇಳಿದು ಕಲ್ಲು ಕಪ್ಪಾದರೆ ಇನ್ನೊಮ್ಮೆ ಹಚ್ಚುವ ಸಮಯ ಬಂತು.